ಏಳಡಿ ನಾಲ್ಕಿಂಚು ಎತ್ತರವಿದ್ದವನಿಗೆ ಬ್ಯಾಸ್ಕೆಟ್‌ಬಾಲ್ ಯಾವ ಮಹಾ ಕಷ್ಟ?

ಬ್ಯಾಸ್ಕೆಟ್‌ಬಾಲ್ ಮಾತು ಬಂದಾಗ ನಾನು ನೆದರ್ಲೆಂಡ್ಸ್‌ನ ರಿಕ್ ಸ್ಮಿಟ್ಸ್ ಅವರ ಹೆಸರು ಎತ್ತದೆ ಇರುವುದು ಕಡಿಮೆ. ಎತ್ತಿದ ಕೂಡಲೇ ಎದುರಿನವರಿಂದ ಬರುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಬುಟ್ಟಿಯ ಕಬ್ಬಿಣದ ಬಳೆ ನೆಲದಿಂದ ಹತ್ತು ಅಡಿ ಮೇಲಿರುತ್ತದೆ, ಸ್ಮಿಟ್ಸ್ ಅವರ ಎತ್ತರ ಏಳು ಅಡಿ ನಾಲ್ಕು ಇಂಚು, ಅಂದರೆ 2.24 ಮೀಟರ್. ಕೈ ಚಾಚಿದರೆ ಬಳೆಯ ಹತ್ತಿರಕ್ಕೇ ಹೋಗುವ ಮನುಷ್ಯ ಚೆಂಡನ್ನು ಅದರೊಳಗೆ ಹಾಕಿದರೆ ಅದರಲ್ಲೇನು ದೊಡ್ಡಸ್ತಿಕೆ, ಅಷ್ಟೆತ್ತರ ಕೊಟ್ಟರೆ ನಾವೂ ಆಡುತ್ತಿದ್ದೆವಲ್ಲ ಎಂದು ನಗುತ್ತಲೇ ಕೇಳುತ್ತಾರೆ.

ಪ್ರಶ್ನೆ ಅಸಂಬದ್ಧವಲ್ಲ. ಆ ಎತ್ತರವಿಲ್ಲದಿದ್ದರೆ ಅಮೆರಿಕದಿಂದ ಸ್ಮಿಟ್ಸ್ ಅವರಿಗೆ ಕರೆ ಬರುತ್ತಿರಲಿಲ್ಲ ಎಂಬುದನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಕರೆ ಬಂದ ಮೇಲೆ ಅವರನ್ನು ಅಲ್ಲಿನ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ ಹನ್ನೆರಡು ವರ್ಷ ನಿಲ್ಲಿಸಿದ್ದು ಎತ್ತರಕ್ಕೆ ಸಂಬಂಧವೇ ಇಲ್ಲದ ಒಂದು ಕೌಶಲ, ಕೊನೆಗೆ ಆಟ ಬಿಡಿಸಿದ್ದು ಆ ದೊಡ್ಡ ದೇಹವನ್ನು ಹೊತ್ತ ಪಾದಗಳು ಎಂಬುದು ನನ್ನ ವಾದ.

ಎತ್ತರವೊಂದೇ ಸಾಕು ಎನ್ನುವುದಾದರೆ ನೆದರ್ಲೆಂಡ್ಸ್ ಈ ಆಟದಲ್ಲಿ ಜಗತ್ತನ್ನೇ ಆಳಬೇಕಿತ್ತು. ಸರಾಸರಿ ಎತ್ತರದಲ್ಲಿ ಡಚ್ಚರು ಜಗತ್ತಿನಲ್ಲೇ ಮುಂಚೂಣಿಯಲ್ಲಿದ್ದಾರೆ. ಆದರೂ ಎನ್‌ಬಿಎವರೆಗೆ ಹೋದ ಡಚ್ ಆಟಗಾರರು ಬೆರಳೆಣಿಕೆಯಷ್ಟು. ಸ್ಮಿಟ್ಸ್ ಅವರಿಗಿಂತಲೂ ಎತ್ತರದವರ ಕಥೆಯನ್ನೇ ನೋಡಬಹುದು. ಸುಡಾನಿನಿಂದ ಬಂದ ಮನೂಟ್ ಬೋಲ್ ಏಳು ಅಡಿ ಏಳು ಇಂಚು ಇದ್ದರು, ಎದುರಾಳಿಗಳ ಎಸೆತಗಳನ್ನು ತಡೆಯುವುದರಲ್ಲಿ ಅವರಿಗೆ ಸಮಾನರು ವಿರಳ, ಆದರೆ ಪಂದ್ಯವೊಂದಕ್ಕೆ ಅವರು ಗಳಿಸಿದ ಅಂಕಗಳ ಸರಾಸರಿ 2.6. ಏಳು ಅಡಿ ಆರು ಇಂಚಿನ ಶಾನ್ ಬ್ರಾಡ್ಲಿ ಅವರನ್ನು 1993ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಎರಡನೆಯವರಾಗಿ ಆರಿಸಿದರು. ಅವರ ವೃತ್ತಿಜೀವನದ ಸರಾಸರಿ 8 ಅಂಕಗಳ ಆಸುಪಾಸಿನಲ್ಲೇ ನಿಂತಿತು. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ ಏಳು ಅಡಿ ಎರಡು ಇಂಚಿನವರು. 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ ಅವರನ್ನು ಆರಿಸಿಕೊಂಡಾಗ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯನೆಂದು ನಾವೆಲ್ಲ ಸಂಭ್ರಮಿಸಿದ್ದೆವು. ಆ ಲೀಗಿನಲ್ಲಿ ಅವರಿಗೆ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಸ್ಮಿಟ್ಸ್ ಅವರ ಸರಾಸರಿ 14.8. ಅದೂ 48 ನಿಮಿಷಗಳ ಪಂದ್ಯದಲ್ಲಿ ಸುಮಾರು 27 ನಿಮಿಷ ಮಾತ್ರ ಅಂಕಣದಲ್ಲಿದ್ದುಕೊಂಡು.

ಸ್ಮಿಟ್ಸ್ ಹುಟ್ಟಿದ್ದು 1966ರ ಆಗಸ್ಟ್‌ನಲ್ಲಿ, ಐಂಡ್‌ಹೋವನ್ ನಗರದಲ್ಲಿ. ಫಿಲಿಪ್ಸ್ ಕಂಪನಿಯ ಊರದು. ಆ ಕಂಪನಿಯ ನೌಕರರಿಗಾಗಿ ಹುಟ್ಟಿಕೊಂಡ ಪಿಎಸ್‌ವಿ ಕ್ಲಬ್‌ನ ಫುಟ್‌ಬಾಲ್ ತಂಡವೇ ಊರಿನ ಹೆಮ್ಮೆ. ಹುಡುಗರೆಲ್ಲ ಫುಟ್‌ಬಾಲ್ ಒದೆಯುವ ಅಂಥ ಊರಿನಲ್ಲಿ ಸ್ಮಿಟ್ಸ್ ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ, ಅಂದರೆ ಅಮೆರಿಕದ ಮಕ್ಕಳಿಗೆ ಹೋಲಿಸಿದರೆ ಬಹಳ ತಡವಾಗಿ. 1984ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬ ಊರಿನ ಮಾರಿಸ್ಟ್ ಕಾಲೇಜು ಸೇರಿದರು. ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ ಆಗ ಯಾರೂ ಲೆಕ್ಕಕ್ಕೆ ಹಿಡಿಯದ ಕಾಲೇಜು ಅದು. ಸ್ಮಿಟ್ಸ್ ಇದ್ದ ಕಾಲದಲ್ಲಿ, 1986 ಮತ್ತು 1987ರಲ್ಲಿ, ಅದು ಕಾಲೇಜು ತಂಡಗಳ ರಾಷ್ಟ್ರಮಟ್ಟದ ಎನ್‌ಸಿಎಎ ಟೂರ್ನಿಗೆ ಅರ್ಹತೆ ಪಡೆಯಿತು; ಮೊದಲ ಸಲ ಜಾರ್ಜಿಯಾ ಟೆಕ್, ಎರಡನೆಯ ಸಲ ಪಿಟ್ಸ್‌ಬರ್ಗ್ ಎದುರು ಸೋತು ಬಂತು. ಆ ತಂಡದಲ್ಲಿ ಸ್ಮಿಟ್ಸ್ ಜೊತೆಗೆ ಆಡಿದ ಇನ್ನೊಬ್ಬ ಏಳಡಿಯವರು ರೂಡಿ ಬುರ್ಗರೆಲ್. ಇಂದಿನ ಎನ್‌ಬಿಎಯ ಹೆಸರಾಂತ ರಕ್ಷಣಾ ಆಟಗಾರ ರೂಡಿ ಗೊಬೇರ್ ಇವರ ಮಗ.

1988ರ ಡ್ರಾಫ್ಟ್‌ನಲ್ಲಿ ಡ್ಯಾನಿ ಮ್ಯಾನಿಂಗ್ ಮೊದಲಿಗರಾಗಿ ಹೋದ ಮೇಲೆ, ಇಂಡಿಯಾನಾ ಪೇಸರ್ಸ್ ತಂಡ ಎರಡನೆಯ ಆಯ್ಕೆಯಾಗಿ ಸ್ಮಿಟ್ಸ್ ಅವರನ್ನು ಕರೆದುಕೊಂಡಿತು. ಯುಗೊಸ್ಲಾವಿಯದ ವ್ಲಾದೆ ದಿವಾಚ್, ದ್ರಾಜೆನ್ ಪೆತ್ರೋವಿಚ್ ಮೊದಲಾದವರು ಅಮೆರಿಕಕ್ಕೆ ಬಂದು ಯುರೋಪಿಯನ್ನರೂ ಇಲ್ಲಿ ಆಡಬಲ್ಲರು ಎಂದು ತೋರಿಸಿದ್ದು ಅದರ ಮರುವರ್ಷ ಎಂಬುದನ್ನು ನೆನಪಿಟ್ಟುಕೊಂಡರೆ ಈ ಆಯ್ಕೆಯ ಧೈರ್ಯ ಅರ್ಥವಾಗುತ್ತದೆ. ತಂಡದ ಅನುಭವಿ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಸ್ಟೀವ್ ಸ್ಟಿಪಾನೊವಿಚ್ ಅವರ ನೆರಳಿನಲ್ಲಿ ಎರಡು ಮೂರು ವರ್ಷ ನಿಧಾನಕ್ಕೆ ಕಲಿಯಬೇಕಿದ್ದ ಹುಡುಗನಿಗೆ ಆ ಅವಕಾಶ ಸಿಗಲಿಲ್ಲ. ಮೊಣಕಾಲಿನ ಗಾಯದಿಂದ ಸ್ಟಿಪಾನೊವಿಚ್ ಅವರ ಆಟವೇ ಮುಗಿದುಹೋಯಿತು. ಅದೇ ಋತುವಿನಲ್ಲಿ ತಂಡ ಮೊದಲ ಏಳೂ ಪಂದ್ಯಗಳನ್ನು ಸೋತು, ಕೋಚ್ ಜ್ಯಾಕ್ ರ‍್ಯಾಮ್ಸೆ ರಾಜೀನಾಮೆ ಕೊಟ್ಟು, ಋತು ಮುಗಿಯುವಷ್ಟರಲ್ಲಿ ನಾಲ್ವರು ಕೋಚ್‌ಗಳನ್ನು ಕಂಡಿತು. ಹೊಸ ದೇಶದ ಅತಿ ವೇಗದ ಆಟವನ್ನು ಕಲಿಯುತ್ತಿದ್ದವನಿಗೆ ಒಂದೇ ವರ್ಷದಲ್ಲಿ ನಾಲ್ಕು ಬಾಯಿಗಳಿಂದ ನಾಲ್ಕು ಪಾಠ. ಇಷ್ಟಾದರೂ ಆ ವರ್ಷದ ಹೊಸಬರ ಮೊದಲ ಐವರ ಪಟ್ಟಿಯಲ್ಲಿ ಅವರ ಹೆಸರಿತ್ತು.

ಆರಂಭದ ವರ್ಷಗಳಲ್ಲಿ ಎತ್ತರವೇ ಅವರಿಗೆ ತೊಡಕಾಗಿತ್ತು ಎಂದರೂ ತಪ್ಪಾಗದು. ಉದ್ದನೆಯ ಕೈಕಾಲುಗಳನ್ನು ಹತೋಟಿಯಲ್ಲಿಟ್ಟುಕೊಂಡು ತನಗಿಂತ ಗಿಡ್ಡ, ಗಟ್ಟಿ, ಚುರುಕಾದ ಎದುರಾಳಿಗಳನ್ನು ತಡೆಯಲು ಹೋಗಿ ಫೌಲ್ ಮೇಲೆ ಫೌಲ್ ಮಾಡುತ್ತಿದ್ದರು. ಆರು ಫೌಲ್‌ಗಳಾದರೆ ಆಟಗಾರ ಆ ಪಂದ್ಯದಿಂದ ಹೊರಗೆ, ಮೂರು ನಾಲ್ಕಾದಾಗಲೇ ಕೋಚ್ ಅವನನ್ನು ಬೆಂಚಿಗೆ ಕರೆಸುತ್ತಾನೆ. ಸ್ಮಿಟ್ಸ್ ಅವರ ಆಟದ ನಿಮಿಷಗಳು ಹೀಗೆ ಸೋರಿಹೋಗುತ್ತಿದ್ದವು.

ಅವರನ್ನು ಉಳಿಸಿದ ಕೌಶಲ ಯಾವುದು ಎಂಬುದಕ್ಕೆ ಫ್ರೀ ಥ್ರೋ ಲೆಕ್ಕ ನೋಡಬೇಕು. ಫ್ರೀ ಥ್ರೋ ಎಂದರೆ ಫೌಲ್ ಆದಾಗ ಹದಿನೈದು ಅಡಿ ದೂರದ ಗೆರೆಯ ಹಿಂದೆ ನಿಂತು, ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ. ಅಲ್ಲಿ ತಲೆಯ ಮೇಲೆ ಕೈ ಚಾಚುವವರು ಯಾರೂ ಇಲ್ಲದ್ದರಿಂದ ಎತ್ತರ ಕೆಲಸಕ್ಕೆ ಬರುವುದಿಲ್ಲ. ಮಣಿಕಟ್ಟು, ಬೆರಳು ಮತ್ತು ಸಾವಿರಾರು ಸಲದ ಅಭ್ಯಾಸ ಇಷ್ಟೇ ಲೆಕ್ಕಕ್ಕೆ ಬರುತ್ತವೆ. ಸ್ಮಿಟ್ಸ್ ಕಾಲದ ಅತಿ ಬಲಶಾಲಿ ಸೆಂಟರ್ ಶಕೀಲ್ ಓನೀಲ್ ಇಲ್ಲಿ ನೂರಕ್ಕೆ ಐವತ್ಮೂರರಷ್ಟು ಹಾಕಿದರೆ, ಸ್ಮಿಟ್ಸ್ ನೂರಕ್ಕೆ ಎಪ್ಪತ್ತೇಳು ಹಾಕಿದರು. ಪಂದ್ಯದ ನಡುವೆಯೂ ಅವರು ನೆಚ್ಚಿಕೊಂಡದ್ದು ಅದೇ ಕೈಯನ್ನು. ಬಳೆಯ ಕೆಳಗೆ ನೂಕಾಡುವುದಕ್ಕಿಂತ ನಾಲ್ಕು ಹೆಜ್ಜೆ ಹಿಂದೆ ನಿಂತು, ಚೆಂಡು ಕೈಗೆ ಬಂದ ಕ್ಷಣದಲ್ಲೇ ತಿರುಗಿ, ಮೆತ್ತಗೆ ಎಸೆದುಬಿಡುತ್ತಿದ್ದರು. ಅಷ್ಟೆತ್ತರದಿಂದ ಹೊರಟ ಎಸೆತವನ್ನು ತಡೆಯುವುದು ಕಷ್ಟ ಎಂಬ ಲಾಭ ಇದ್ದೇ ಇತ್ತು, ಆದರೆ ತಡೆಯಲಾಗದ ಎಸೆತವೂ ಬುಟ್ಟಿಯ ಹೊರಗೆ ಬಿದ್ದರೆ ಪ್ರಯೋಜನವಿಲ್ಲ. ಅಮೆರಿಕದ ಪತ್ರಿಕೆಗಳು ಅವರಿಗೆ ಕೊಟ್ಟ ಅಡ್ಡಹೆಸರು ‘ಡಂಕಿಂಗ್ ಡಚ್‌ಮನ್’. ಪ್ರಾಸ ಚೆನ್ನಾಗಿದೆ, ಆದರೆ ಅವರ ಆಟದ ಸೊಗಸು ಚೆಂಡನ್ನು ಮೇಲಿನಿಂದ ಬಳೆಯೊಳಗೆ ತುರುಕುವ ಡಂಕ್‌ನಲ್ಲಿ ಇರಲಿಲ್ಲ.

ಋತುವಿನ ಕೊನೆಯಲ್ಲಿ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಪಂದ್ಯಗಳಲ್ಲಿ 1995ರವು ಇದಕ್ಕೆ ಸಾಕ್ಷಿ. ಮೇ 7ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪೇಸರ್ಸ್‌ನ ರೆಜಿ ಮಿಲ್ಲರ್ ಕೊನೆಯ ಗಳಿಗೆಯಲ್ಲಿ 8.9 ಸೆಕೆಂಡುಗಳೊಳಗೆ 8 ಅಂಕ ಗಳಿಸಿ ನಿಕ್ಸ್ ತಂಡದ ಕೈಯಿಂದ ಪಂದ್ಯ ಕಿತ್ತುಕೊಂಡದ್ದನ್ನು ಬ್ಯಾಸ್ಕೆಟ್‌ಬಾಲ್ ನೋಡುವವರೆಲ್ಲ ಬಲ್ಲರು. ಆ ಪಂದ್ಯದಲ್ಲಿ ಮಿಲ್ಲರ್ ಗಳಿಸಿದ್ದು 31. ಪ್ಯಾಟ್ರಿಕ್ ಯೂಯಿಂಗ್ ಅವರಂಥ ಸೆಂಟರ್‌ನ ಎದುರು ಸ್ಮಿಟ್ಸ್ ಗಳಿಸಿದ್ದು 34. ಅದನ್ನು ನೆನಪಿಟ್ಟವರು ಎಷ್ಟು ಮಂದಿ? ಆ 8.9 ಸೆಕೆಂಡುಗಳ ದೃಶ್ಯ ಬಂದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಆದರೆ ಮುಂದಿನ ಸುತ್ತಿನ ಕೊನೆಯ ಗಳಿಗೆ ಸ್ಮಿಟ್ಸ್ ಅವರದೇ ಆಯಿತು. ಮೇ 29ರಂದು ಇಂಡಿಯಾನಾಪೊಲಿಸ್‌ನಲ್ಲಿ ಒರ್ಲ್ಯಾಂಡೊ ಮ್ಯಾಜಿಕ್ ವಿರುದ್ಧ ಸರಣಿಯ ನಾಲ್ಕನೆಯ ಪಂದ್ಯ ನಡೆಯಿತು. ಕೊನೆಯ ಹದಿಮೂರು ಸೆಕೆಂಡುಗಳಲ್ಲಿ ಬ್ರಯನ್ ಶಾ ಅವರ ಮೂರಂಕದ ಎಸೆತದಿಂದ ಒರ್ಲ್ಯಾಂಡೊ ಮುಂದಾಯಿತು, ಮಿಲ್ಲರ್ ಎಸೆತದಿಂದ ಇಂಡಿಯಾನಾ ಮುಂದಾಯಿತು, ಪೆನ್ನಿ ಹಾರ್ಡವೇ ಎಸೆತದಿಂದ ಮತ್ತೆ ಒರ್ಲ್ಯಾಂಡೊ 93–92ರಿಂದ ಮುಂದಾಯಿತು. ಗಡಿಯಾರದಲ್ಲಿ ಉಳಿದದ್ದು 1.3 ಸೆಕೆಂಡು. ಹೊರಗಿನಿಂದ ಚೆಂಡು ಸ್ಮಿಟ್ಸ್ ಕೈಗೆ ಬಂತು. ಎದುರಿಗಿದ್ದವರು ಎಸೆತ ತಡೆಯುವುದರಲ್ಲಿ ಹೆಸರಾದ, ಏಳು ಅಡಿ ಮೀರಿದ ಹಿರಿಯ ಆಟಗಾರ ಟ್ರೀ ರಾಲಿನ್ಸ್. ಅಷ್ಟೇ ಸಮಯದಲ್ಲಿ ಬೇರೆ ಯಾರಾದರೂ ಚೆಂಡನ್ನು ಎಸೆದು ಕೈತೊಳೆದುಕೊಳ್ಳುತ್ತಿದ್ದರೋ ಏನೋ. ಸ್ಮಿಟ್ಸ್ ಎಸೆಯುವಂತೆ ಹುಸಿಯಾಗಿ ಒಮ್ಮೆ ಕೈ ಎತ್ತಿದರು, ರಾಲಿನ್ಸ್ ನಂಬಿ ಮೇಲೆ ಹಾರಿದರು, ಅವರು ಕೆಳಗಿಳಿಯುವ ಹೊತ್ತಿಗೆ ಸ್ಮಿಟ್ಸ್ ನಿಜವಾದ ಎಸೆತವನ್ನು ಎಸೆದಾಗಿತ್ತು. ಪೇಸರ್ಸ್ 94–93ರಿಂದ ಗೆದ್ದಿತು. ಒಂದೂಕಾಲು ಸೆಕೆಂಡಿನಲ್ಲಿ ಎದುರಾಳಿಯನ್ನು ಮೋಸಗೊಳಿಸುವಷ್ಟು ಸಮಾಧಾನವನ್ನು ಯಾವ ಅಳತೆಪಟ್ಟಿಯಿಂದ ಅಳೆಯುವುದು ಎಂದು ನನ್ನನ್ನು ಪ್ರಶ್ನಿಸುವವರನ್ನು ನಾನು ಮರುಪ್ರಶ್ನಿಸುತ್ತೇನೆ. ಸರಣಿಯನ್ನು ಮಾತ್ರ ಏಳನೆಯ ಪಂದ್ಯದಲ್ಲಿ ಒರ್ಲ್ಯಾಂಡೊ ಗೆದ್ದುಕೊಂಡಿತು.

ಸ್ಮಿಟ್ಸ್ ಅವರ ಕೊರತೆಯೂ ನನ್ನ ವಾದವನ್ನೇ ಬೆಂಬಲಿಸುತ್ತದೆ. ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡನ್ನು ಹಿಡಿಯುವ ರೀಬೌಂಡ್ ಕೆಲಸ ಎತ್ತರದವರ ಸ್ವತ್ತು ಎಂದು ಎಲ್ಲರೂ ಭಾವಿಸುತ್ತಾರೆ. ಸ್ಮಿಟ್ಸ್ ಅವರ ಸರಾಸರಿ 6.1, ಅವರ ಸ್ಥಾನದ ಆಟಗಾರನಿಗೆ ಇದು ಸಾಧಾರಣ ಅಂಕಿ, ಪೇಸರ್ಸ್‌ನಲ್ಲಿ ಆ ದುಡಿಮೆಯನ್ನು ಡೇಲ್ ಡೇವಿಸ್ ಮತ್ತು ಆಂಟೋನಿಯೊ ಡೇವಿಸ್ ಹೊತ್ತುಕೊಂಡಿದ್ದರು. ಅದೇ ನೆದರ್ಲೆಂಡ್ಸ್‌ನ ಡೆನ್ ಹೆಲ್ಡರ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸ್ವೆನ್ ನೇಟರ್ ಅವರು ಸ್ಮಿಟ್ಸ್ ಅವರಿಗಿಂತ ಐದು ಇಂಚು ಗಿಡ್ಡ. ಆದರೂ ಅಮೆರಿಕದ ಇನ್ನೊಂದು ವೃತ್ತಿಪರ ಲೀಗಾಗಿದ್ದ ಎಬಿಎ ಮತ್ತು ಎನ್‌ಬಿಎ ಎರಡೂ ಲೀಗುಗಳಲ್ಲಿ ರೀಬೌಂಡ್ ಸರಾಸರಿಯಲ್ಲಿ ಮೊದಲ ಸ್ಥಾನ ಪಡೆದ ಏಕೈಕ ಆಟಗಾರ ಅವರೇ.

1997ರಲ್ಲಿ ಲ್ಯಾರಿ ಬರ್ಡ್ ಕೋಚ್ ಆಗಿ ಬಂದ ಮೇಲೆ ತಂಡ ಇನ್ನಷ್ಟು ಬಲಗೊಂಡಿತು. 1998ರಲ್ಲಿ ಸ್ಮಿಟ್ಸ್ ಮೊದಲ ಮತ್ತು ಕೊನೆಯ ಬಾರಿಗೆ ಲೀಗಿನ ಶ್ರೇಷ್ಠ ಆಟಗಾರರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಆ ವರ್ಷ ಮೈಕೆಲ್ ಜೋರ್ಡನ್ ಅವರ ಶಿಕಾಗೊ ಬುಲ್ಸ್ ತಂಡವನ್ನು ಪೇಸರ್ಸ್ ಪ್ಲೇಆಫ್ ಸರಣಿಯ ಕೊನೆಯದಾದ ಏಳನೆಯ ಪಂದ್ಯದವರೆಗೆ ಎಳೆದುಕೊಂಡು ಹೋಯಿತು. ಇಷ್ಟರಲ್ಲಿ ಪಾದಗಳ ನರಗಳಿಗೆ ಆಗಿದ್ದ ಹಾನಿ ಅವರನ್ನು ಕಾಡುತ್ತಿತ್ತು. 1996–97ರ ಋತುವಿನಲ್ಲಿ ಪಾದದ ಶಸ್ತ್ರಚಿಕಿತ್ಸೆಯಿಂದಾಗಿ 82 ಪಂದ್ಯಗಳಲ್ಲಿ 52ನ್ನು ಮಾತ್ರ ಆಡಿದ್ದರು. ನೂರು ಕಿಲೋ ಮೀರಿದ ದೇಹ ಗಟ್ಟಿ ಮರದ ನೆಲದ ಮೇಲೆ ಓಡಿ, ಹಾರಿ, ಇಳಿಯುವಾಗ ಪ್ರತಿ ಸಲವೂ ಆ ಭಾರವನ್ನು ಪಾದಗಳೇ ತಡೆದುಕೊಳ್ಳಬೇಕು. 2000ನೇ ಇಸವಿಯಲ್ಲಿ ಪೇಸರ್ಸ್ ಮೊದಲ ಬಾರಿಗೆ ಎನ್‌ಬಿಎ ಫೈನಲ್ ತಲುಪಿ, ಓನೀಲ್ ಮತ್ತು ಕೋಬಿ ಬ್ರಯಂಟ್ ಅವರ ಲೇಕರ್ಸ್ ಎದುರು 4–2ರಿಂದ ಸೋತಿತು. ಮೂವತ್ತನಾಲ್ಕು ತುಂಬುವ ಹೊತ್ತಿಗೆ ಸ್ಮಿಟ್ಸ್ ನಿವೃತ್ತರಾದರು. ಹನ್ನೆರಡು ಋತು, 867 ಪಂದ್ಯ, 12,871 ಅಂಕ, ಎಲ್ಲವೂ ಒಂದೇ ತಂಡಕ್ಕೆ.

ನಿವೃತ್ತಿಯ ನಂತರ ಅವರು ಹಳೆಯ ಕಾಲದ ಮೋಟೊಕ್ರಾಸ್ ಬೈಕುಗಳನ್ನು ಸಂಗ್ರಹಿಸಿ, ಮಣ್ಣಿನ ದಾರಿಯಲ್ಲಿ ಓಡಿಸುವ ಸ್ಪರ್ಧೆಗಳಲ್ಲಿ ಭಾಗವಹಿಸತೊಡಗಿದರು. ಏಳಡಿ ನಾಲ್ಕಿಂಚು ಅಲ್ಲಿ ಅವರಿಗೆ ಏನು ನೆರವಾಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಇದುವರೆಗೆ ಯಾರೂ ನನ್ನಲ್ಲಿ ಕೇಳಿಲ್ಲ.