ಲಂಗದ ಲಾಡಿ ಮತ್ತು ನೇರಳೆ ಬೆಳಕು

ಸೀರೆ ಉಡುವ ಹೆಂಗಸರ ಸೊಂಟದಲ್ಲಿ ಲಂಗದ ಲಾಡಿಯ ಗುರುತು ಇದ್ದೇ ಇರುತ್ತದೆ. ನನಗೆ ಆ ಗುರುತಿನ ಮೇಲೆಯೇ ಸೋರಿಯಾಸಿಸ್ ಅನ್ನುವ ಚರ್ಮರೋಗ ಎದ್ದಿತು. ಕೆಂಪು ಪಟ್ಟಿ, ಮೇಲೆ ಬೆಳ್ಳಗಿನ ಹೊಟ್ಟು. ಚರ್ಮ ಉಜ್ಜಿದ ಕಡೆ, ಗಾಯವಾದ ಕಡೆ ಇದು ಏಳುವುದುಂಟಂತೆ. ಆಮೇಲೆ ಮೊಣಕೈ, ಮೊಣಕಾಲು, ಬೆನ್ನಿಗೂ ಬಂತು. ಬೆಳಿಗ್ಗೆ ಅತ್ತೆ ಏಳುವ ಮೊದಲೇ ಹಾಸಿಗೆ ಕೊಡವಿ ಗುಡಿಸಿಬಿಡುತ್ತಿದ್ದೆ. ಅಂಟುವ ರೋಗವಲ್ಲ ಅಂತ ಎಷ್ಟು ಹೇಳಿದರೂ, ನನಗೆ ಅರಿಶಿನ ಕುಂಕುಮ ಕೊಡುವ ಕೈಗಳು ಅರೆಗಳಿಗೆ ಅಳುಕುತ್ತಿದ್ದವು.

ಮೊದಲು ತೋರಿಸಿದ ಕಡೆ ಮೆಥೋಟ್ರೆಕ್ಸೇಟ್ ಬರೆದುಕೊಟ್ಟರು. ವಾರಕ್ಕೊಂದು ದಿನ ನುಂಗುವ ಮಾತ್ರೆ. ಬಸುರಿಯರು ತೆಗೆದುಕೊಳ್ಳಲೇಬಾರದು ಅಂತ ಅದರ ಚೀಟಿ ಓದಿದ ಮೇಲೆ ಗೊತ್ತಾಯಿತು. ನಾವು ಮಗುವಿಗಾಗಿ ಕಾಯುತ್ತಿದ್ದ ಕಾಲ ಅದು. ಯಾರೂ ಒಂದು ಮಾತು ಕೇಳಿರಲಿಲ್ಲ. ನನಗೆ ಇವತ್ತಿಗೂ ಆ ಸಿಟ್ಟಿದೆ. ಮದುವೆಯಾದ 29 ವರ್ಷದ ಹೆಂಗಸಿಗೆ ಮೊದಲು ಕೇಳಬೇಕಾದದ್ದೇ ಅದು, ಅಲ್ವಾ?

ಎರಡನೇ ಡಾಕ್ಟರಮ್ಮ ಅದನ್ನೇ ಮೊದಲು ಕೇಳಿದರು. "ಹಾಗಾದ್ರೆ ಲೈಟ್ ಕೊಡೋಣಮ್ಮ" ಅಂದರು. ನ್ಯಾರೋಬ್ಯಾಂಡ್ ಯುವಿಬಿ ಅಂತ ಅದರ ಹೆಸರು. ಅತಿನೇರಳೆ ಕಿರಣಗಳಲ್ಲಿ 311 ನ್ಯಾನೋಮೀಟರ್ ಆಸುಪಾಸಿನದ್ದನ್ನು ಮಾತ್ರ ಬೀರುವ ಟ್ಯೂಬುಗಳು. ಸೋರಿಯಾಸಿಸ್‌ನಲ್ಲಿ ಚರ್ಮದ ಕೋಶಗಳು ಗಡಿಬಿಡಿಯಲ್ಲಿ ಬೆಳೆಯುತ್ತವೆ. ಈ ಬೆಳಕು ಆ ಗಡಿಬಿಡಿಯನ್ನು, ಉರಿಯೂತವನ್ನು ತಗ್ಗಿಸುತ್ತದೆ. ಮೈಯೊಳಗೆ ಮದ್ದು ಹೋಗುವುದಿಲ್ಲ. ಅದಕ್ಕೇ ಬಸುರಿನಲ್ಲೂ ಕೊಡುತ್ತಾರೆ. ಈ ಬೆಳಕಿಗೆ ಮೈಯಲ್ಲಿ ಫೋಲಿಕ್ ಆಸಿಡ್, ಅಂದರೆ ಬಸುರಿಗೆ ಬೇಕಾದ ವಿಟಮಿನ್, ಕಡಿಮೆಯಾಗಬಹುದು ಅಂತ ಫೋಲಿಕ್ ಆಸಿಡ್ ಮಾತ್ರೆ ಮಾತ್ರ ತಪ್ಪಿಸಬೇಡ ಅಂದರು. ಇದಕ್ಕಿಂತ ಹಳೆಯದು ಪುವಾ. ನಮ್ಮ ಬಾವಂಚಿ ಬೀಜದಲ್ಲಿರುವಂಥ ಸೊರಾಲೆನ್ ನುಂಗಿ ಬೆಳಕಿಗೆ ನಿಲ್ಲುವುದು. ಬಸುರಿನಲ್ಲಿ ಅದು ಬೇಡ ಅನ್ನುತ್ತಾರೆ.

ಮೆಷಿನ್ ನೋಡಲು ದೊಡ್ಡ ಬೀರುವಿನ ಹಾಗಿದೆ. ಒಳಗೆ ಸುತ್ತಲೂ ಉದ್ದುದ್ದ ಟ್ಯೂಬ್‌ಲೈಟು. ಕಣ್ಣಿಗೆ ಕಪ್ಪು ಕನ್ನಡಕ. ಮುಖದಲ್ಲಿ ಏನೂ ಇಲ್ಲದ್ದರಿಂದ, ಬಂಗು ಬಾರದಿರಲಿ ಅಂತ ಮುಖಕ್ಕೆ ದಪ್ಪ ಬಟ್ಟೆ. ಮೊದಲ ದಿನ ಅರ್ಧ ನಿಮಿಷ, ಅಷ್ಟೇ. ಆಮೇಲೆ ಸ್ವಲ್ಪ ಸ್ವಲ್ಪವೇ ಜಾಸ್ತಿ. ಅಲ್ಲಿನ ಸಿಸ್ಟರ್ ಹೇಳಿದ ಮಾತು ಮರೆಯುವುದಿಲ್ಲ: "ತಾಳಿ ಬಿಚ್ಚಿಟ್ಟು ಬರೋದಾದ್ರೆ ಪ್ರತಿ ಸಲ ಬಿಚ್ಚಿಟ್ಟೇ ಬನ್ನಿ. ಒಳಬಟ್ಟೆನೂ ಒಂದೇ ಅಳತೆದು ಹಾಕ್ಕೊಳ್ಳಿ." ನಿನ್ನೆವರೆಗೆ ಮುಚ್ಚಿದ್ದ ಚರ್ಮ ಇವತ್ತು ಒಮ್ಮೆಗೇ ಎರಡು ನಿಮಿಷದ ಬೆಳಕಿಗೆ ಬಿದ್ದರೆ ಸುಡುತ್ತದೆ. ಒಂದು ದಿನ ಚಿಕ್ಕ ತೋಳಿನ ಒಳಬಟ್ಟೆ ಹಾಕಿ ಹೋಗಿ, ಭುಜದ ಮೇಲೆ ಎರಡು ದಿನ ಉರಿ ಅನುಭವಿಸಿದೆ.

ಕಷ್ಟವಾದದ್ದು ಬಸ್ಸು. ವಾರಕ್ಕೆ ಮೂರು ಸಲ ತಿಪಟೂರಿನಿಂದ ತುಮಕೂರಿಗೆ. ಎರಡು ನಿಮಿಷದ ಬೆಳಕಿಗೆ ಅರ್ಧ ದಿನದ ರಜೆ. ಜ್ವರ ಬಂದು ಎರಡು ವಾರ ತಪ್ಪಿದಾಗ ಸಮಯ ಇಳಿಸಿ ಮತ್ತೆ ಏರಿಸಿಕೊಂಡು ಬಂದರು. ನಡುವೆ ಬಿಟ್ಟುಬಿಡೋಣ ಅನಿಸಿತ್ತು. ಹನ್ನೆರಡನೇ ಸಲದ ಹೊತ್ತಿಗೆ ಹಾಸಿಗೆಯಲ್ಲಿ ಹೊಟ್ಟು ಕಡಿಮೆಯಾಯಿತು. 26ನೇ ಸಲಕ್ಕೆ ಮೊಣಕೈ ನುಣುಪಾಗಿತ್ತು. ಬೇರುಸಹಿತ ಹೋಗಿಲ್ಲ, ಮತ್ತೆ ಬರಬಹುದು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ.

ಈಗ ನನಗೆ ಐದು ತಿಂಗಳು. ಸೊಂಟದಲ್ಲಿ ಕಂದು ಗುರುತು ಮಾತ್ರ ಉಳಿದಿದೆ. ಲಂಗಗಳ ಲಾಡಿ ತೆಗೆದು, ಮೆತ್ತನೆ ಹತ್ತಿ ಬಟ್ಟೆಯ ಅಗಲ ಪಟ್ಟಿ ಹಾಕಿಸಿದ್ದೇನೆ. ಆರು ಲಂಗ. ಎಲ್ಲವನ್ನೂ ಅತ್ತೆಯೇ ಕೂತು ಹೊಲಿದುಕೊಟ್ಟರು.