ಕ್ಯಾಂಟೀನ್ ಹಿಂದಿನ ನಲ್ಲಿ

ನಮ್ಮ ಕ್ಯಾಂಪಸ್ಸಿನ ದೊಡ್ಡ ಕ್ಯಾಂಟೀನಿನ ಮುಂಬಾಗಿಲು ಎಲ್ಲರಿಗೂ ಗೊತ್ತು. ಹಿಂಬಾಗಿಲನ್ನು ನಾನು ನೋಡಿದ್ದು ಇಲ್ಲಿ ಪಾಠ ಮಾಡೋಕೆ ಶುರು ಮಾಡಿ ಒಂಬತ್ತು ವರ್ಷ ಆದ ಮೇಲೆ, ಕ್ಯಾಂಟೀನ್ ಸಮಿತಿಗೆ ನನ್ನನ್ನು ಸೇರಿಸಿದಾಗ. ಬೆಳಿಗ್ಗೆ ಹನ್ನೊಂದೂವರೆ. ಟೀ ಬಿಡುವು ಆಗಷ್ಟೇ ಮುಗಿದಿತ್ತು. ಗೋಡೆಗೆ ಒರಗಿಸಿದ್ದ ಎರಡು ಗೋಣಿಚೀಲದ ತುಂಬ ಪೇಪರ್ ಲೋಟ. ಅಷ್ಟೂ ಅರ್ಧ ಗಂಟೆಯಲ್ಲಿ ಬಿದ್ದಿದ್ದು. ಒಂದು ದನ ಚೀಲದೊಳಗೆ ಮೂತಿ ಹಾಕಿ, ತಳದಲ್ಲಿದ್ದ ಸಕ್ಕರೆಯ ಆಸೆಗೆ ಲೋಟವನ್ನೇ ಜಗಿಯುತ್ತಿತ್ತು.

‘ಪೇಪರ್ ತಾನೇ ಮೇಡಂ, ಕರಗಿ ಹೋಗುತ್ತೆ ಬಿಡಿ’ ಅಂದರು ಜೊತೆಗಿದ್ದವರು. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ ನಿಷೇಧ ಆಯಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಆಯಿತು. ಖಾಲಿಯಾದ ಜಾಗದಲ್ಲಿ ಪೇಪರ್ ಲೋಟ ಬಂದು ಕೂತಿತು.

ನಾನು ರಸಾಯನಶಾಸ್ತ್ರದವಳು. ಅವತ್ತೇ ನಾಲ್ಕು ಲೋಟ ಲ್ಯಾಬಿಗೆ ತಂದು ಬಿಸಿನೀರಲ್ಲಿ ನೆನೆಹಾಕಿದೆ. ಮರುದಿನ ಮುಟ್ಟಿದರೆ ಕಾಗದ ನೆಂದ ಅವಲಕ್ಕಿ ಥರ ಬೆರಳಿಗೆ ಬಿಟ್ಟುಕೊಂಡಿತು. ಮೆಲ್ಲಗೆ ಉಜ್ಜಿ ತೆಗೆದೆ. ಕೊನೆಗೆ ಕೈಯಲ್ಲಿ ಉಳಿದಿದ್ದು ಒಂದು ಪೊರೆ. ಹಾಲಿನ ಕೆನೆಗಿಂತ ತೆಳು. ಬೆಳಕಿಗೆ ಹಿಡಿದರೆ ಆಚೆ ಕಡೆಯ ಕಿಟಕಿ ಕಾಣುತ್ತಿತ್ತು. ಪಾಲಿಥೀನ್ ಅದು. ಅದಿಲ್ಲದಿದ್ದರೆ ಟೀ ಸೋರಿ ಹೋಗುತ್ತೆ, ಅಲ್ವಾ? ಇಂಥ ಲೋಟದಲ್ಲಿ 100 ಮಿಲಿ ಲೀಟರ್ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರಿಕೊಳ್ಳುತ್ತವೆ ಅಂತ ಖರಗ್‌ಪುರದ ಐಐಟಿಯವರು 2020ರಲ್ಲೇ ಹೇಳಿದ್ದರು. ಆ ಪೊರೆಯನ್ನು ಕ್ಲಾಸಿಗೆ ತೆಗೆದುಕೊಂಡು ಹೋಗಿ ಒಬ್ಬೊಬ್ಬರ ಕೈಗೂ ಕೊಟ್ಟೆ. ಪಾಠದಲ್ಲಿ ಪಾಲಿಮರ್ ಬಗ್ಗೆ ಎಷ್ಟು ಹೇಳಿದರೂ ಆಗದ ಕೆಲಸ ಅದರಿಂದ ಆಯಿತು.

ಆಮೇಲೆ ಸಿಟ್ಟು ಹೊತ್ತುಕೊಂಡೇ ಕ್ಯಾಂಟೀನ್ ಅಣ್ಣನ ಹತ್ತಿರ ಹೋದೆ. ‘ಅಣ್ಣಾ, ಮೊದಲು ಸ್ಟೀಲ್ ಲೋಟದಲ್ಲೇ ಕೊಡ್ತಿದ್ರಲ್ಲ, ಯಾಕೆ ನಿಲ್ಲಿಸಿದ್ರಿ?’ ಅವರು ಜಗಳ ಆಡಲಿಲ್ಲ. ‘ಬನ್ನಿ ಮೇಡಂ’ ಅಂತ ಪಾತ್ರೆ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋದರು.

ಒಂದೇ ನಲ್ಲಿ. ನೆಲದಿಂದ ಒಂದು ಗೇಣು ಮೇಲೆ. ಅದರ ಮುಂದೆ ಒಬ್ಬ ಅಕ್ಕ ಕುಕ್ಕರಗಾಲಲ್ಲಿ ಕೂತು ಇಡ್ಲಿ ಪಾತ್ರೆ ಉಜ್ಜುತ್ತಿದ್ದರು. ಸೋಪಿನ ನೀರಿಗೆ ಬೆರಳ ಸಂದಿಯೆಲ್ಲ ಬೆಳ್ಳಗೆ ಸುಲಿದಿತ್ತು. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆ ಆ ನಲ್ಲಿಯೂ ನಿಲ್ಲುತ್ತದೆ. ‘ಲೋಟ ಅಟ್ಟದ ಮೇಲಿವೆ ಮೇಡಂ. ತೊಳೆಯೋಕೆ ನೀರಿಲ್ಲ, ಕೈ ಇಲ್ಲ. ಇನ್ನೊಬ್ಬರನ್ನ ಇಟ್ಕೊಳ್ಳೋಣ ಅಂದ್ರೆ ಟೆಂಡರ್ ಇರೋದು ಹನ್ನೊಂದು ತಿಂಗಳಿಗೆ. ಮುಂದಿನ ಸಲ ಯಾರು ಜಾಸ್ತಿ ಬಾಡಿಗೆ ಕೂಗ್ತಾರೋ ಅವರಿಗೆ. ನಾನು ಯಾವ ಧೈರ್ಯದ ಮೇಲೆ ದುಡ್ಡು ಹಾಕಲಿ?’

ಅದುವರೆಗೆ ನಮ್ಮ ಸಮಿತಿ ಮಾಡಿದ್ದು ಪೋಸ್ಟರ್ ಅಂಟಿಸಿದ್ದು. ‘ನಿಮ್ಮ ಲೋಟ ನೀವೇ ತನ್ನಿ’ ಅಂತ ಮಕ್ಕಳಿಗೆ ಬುದ್ಧಿ ಹೇಳಿದ್ದು. ಕ್ಯಾಂಪಸ್ಸಿನ ಊಟ ತಿಂಡಿ ಪರಿಸರಕ್ಕೆ ಭಾರ ಆಗಬಾರದು ಅಂದರೆ ಮೊದಲು ಸರಿಯಾಗಬೇಕಿದ್ದು ಆ ನಲ್ಲಿ, ಆ ಟೆಂಡರಿನ ಕಾಗದ.

ಒಂದು ವರ್ಷ ಓಡಾಡಿದ ಮೇಲೆ ಮೂರು ತೊಟ್ಟಿಯ ಕಟ್ಟೆ ಆಯಿತು. ಒಂದರಲ್ಲಿ ಎಂಜಲು ತೆಗೆಯೋದು, ಒಂದರಲ್ಲಿ ಸೋಪು, ಒಂದರಲ್ಲಿ ಗಲಬರಿಸೋದು. ನಿಂತೇ ಕೆಲಸ ಮಾಡಬಹುದು. ಪಕ್ಕದ ಹಾಸ್ಟೆಲಿನ ಸೋಲಾರ್ ಬಿಸಿನೀರಿನಿಂದ ಒಂದು ಪೈಪ್ ಎಳೆಸಿದೆವು. ಗಲಬರಿಸಿದ ನೀರು ಹಿಂದಿನ ಬಾಳೆಗಿಡಗಳಿಗೆ ಹೋಗುತ್ತದೆ. ನೀರು ಜಾಸ್ತಿ ಬೇಕು ಅನ್ನೋದು ನಿಜ. ಅದಕ್ಕೇ ಒಂದು ಸಣ್ಣ ಟ್ಯಾಂಕ್ ಇಡಿಸಿ, ಬೆಳಿಗ್ಗೆ ನೀರು ಬಂದಾಗ ತುಂಬಿಸಿಕೊಳ್ಳುತ್ತೇವೆ. ಲೋಟಗಳನ್ನು ವಿಶ್ವವಿದ್ಯಾಲಯವೇ ಕೊಂಡಿತು. ಯಾರು ಟೆಂಡರ್ ಹಿಡಿದರೂ ಲೋಟ ಇಲ್ಲೇ ಇರುತ್ತವೆ. ವಿಭಾಗಗಳಿಗೆ ಟೀ ಈಗ ಫ್ಲಾಸ್ಕಿನಲ್ಲಿ ಹೋಗುತ್ತದೆ. ಅಟೆಂಡರ್ ಅಣ್ಣಂದಿರು ಲೋಟ ಎಣಿಸಿ ತರುತ್ತಾರೆ, ಎಣಿಸಿ ವಾಪಸ್ ಕೊಡುತ್ತಾರೆ.

ಎಲ್ಲದಕ್ಕೂ ಅಡಿಕೆ ಹಾಳೆ ತಟ್ಟೆ ತನ್ನಿ ಅಂತ ಒಬ್ಬರು ಸಭೆಯಲ್ಲಿ ಹಟ ಹಿಡಿದಿದ್ದರು. ನನಗೂ ಹಾಳೆ ತಟ್ಟೆ ಇಷ್ಟ. ಹಾಸ್ಟೆಲ್ ಡೇ ಊಟಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ದಿನದಿನವೂ ಒಂದು ಸಲ ಉಂಡು ಎಸೆಯೋಕೆ ಯಾವ ತಟ್ಟೆಯೂ ಬೇಡ. ತೊಳೆದು ಮತ್ತೆ ಬಡಿಸುವ ಸ್ಟೀಲ್ ತಟ್ಟೆ ಇರುವಾಗ ಅದು ಸುಮ್ನೆ ಖರ್ಚು.

ಊಟದ ವಿಷಯದಲ್ಲಿ ದಾರಿ ತೋರಿಸಿದವರು ಆ ಅಕ್ಕನೇ. ಬಕೆಟ್ಟಿಗೆ ಬೀಳೋದು ಹೆಚ್ಚಾಗಿ ಅನ್ನ, ಅದೂ ಸಾರು ಸೋಕದ ಅನ್ನ ಅಂತ ತೋರಿಸಿದರು. ಕ್ಯೂ ಬೇಗ ಮುಗಿಯಲಿ ಅಂತ ಕೌಂಟರಿನಲ್ಲಿ ಒಂದೇ ಸಲಕ್ಕೆ ಗುಡ್ಡೆ ಹಾಕುತ್ತಿದ್ದರು. ಪಂಕ್ತಿಯಲ್ಲಿ ಹಾಗೆ ಬಡಿಸ್ತೀವಾ? ಮೊದಲು ಸ್ವಲ್ಪ, ಸಾರಿಗೆ ಇನ್ನೊಂದು ಸಲ, ಮಜ್ಜಿಗೆಗೆ ಮತ್ತೊಂದು ಸಲ. ಈಗ ಕೌಂಟರಿನಲ್ಲಿ ಒಂದೇ ಸೌಟು, ಎರಡನೇ ಸಲಕ್ಕೆ ಪಕ್ಕದಲ್ಲೇ ಬೇರೆ ಮೇಜು, ದುಡ್ಡು ಕೇಳೋದಿಲ್ಲ. ಮೊದಲ ವಾರದಲ್ಲೇ ಎಂಜಲಿನ ಬಕೆಟ್ ಇಳಿಯಿತು.

ಇಡ್ಲಿ ತಟ್ಟೆಗೆ ಹಾಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಹೋಗಿ ಮತ್ತೆ ಬಟ್ಟೆ ಬಂದಿದೆ. 2025ರ ಫೆಬ್ರವರಿಯಲ್ಲಿ ಸರ್ಕಾರವೇ ಅದನ್ನು ನಿಷೇಧಿಸಿದ್ದರಿಂದ ನಮಗೆ ವಾದ ಮಾಡುವ ಕೆಲಸ ತಪ್ಪಿತು. ಆ ಬಟ್ಟೆಗಳನ್ನು ಕುದಿಸಿ ಒಣಹಾಕುವ ಕೆಲಸವೂ ಬಂದು ಸೇರಿದ್ದು ಅಕ್ಕನ ಕೈಗೇ. ಹಾಗಾಗಿ ಇನ್ನೊಬ್ಬರನ್ನು ಇಟ್ಟುಕೊಳ್ಳಲೇಬೇಕು ಅಂತ ಬರೆಸಿದೆವು.

ಆಗದೇ ಉಳಿದಿದ್ದೂ ಇದೆ. ಎಂಜಲು, ಸಿಪ್ಪೆ ಕೊಳೆಸಿ ಗ್ಯಾಸ್ ಮಾಡೋಕೆ ಅಂತ ರಿಬ್ಬನ್ ಕತ್ತರಿಸಿ ಶುರು ಮಾಡಿದ ತೊಟ್ಟಿ ನಿಂತು ಹೋಗಿದೆ. ಜ್ಯೂಸ್ ಅಂಗಡಿಯ ಮೂಸಂಬಿ, ನಿಂಬೆ ಸಿಪ್ಪೆಯನ್ನೆಲ್ಲ ಅದಕ್ಕೇ ಸುರಿದು ಒಳಗೆ ಹುಳಿ ಏರಿತ್ತು. ಹುಳಿ ಹೆಚ್ಚಾದರೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಉಳಿಯೋದಿಲ್ಲ. ಸಗಣಿ ಹಾಕಿ ಮತ್ತೆ ಎಬ್ಬಿಸಬಹುದು, ಆದರೆ ದಿನಾ ನೋಡಿಕೊಳ್ಳೋಕೆ ಒಬ್ಬರು ಬೇಕು. ಟೆಂಡರನ್ನು ಮೂರು ವರ್ಷಕ್ಕೆ ಮಾಡಿ, ಬಾಡಿಗೆಯೊಂದನ್ನೇ ನೋಡಬೇಡಿ ಅಂತ ಬರೆದುಕೊಟ್ಟ ಪತ್ರ ಇನ್ನೂ ಕಚೇರಿಯಲ್ಲೇ ಇದೆ. ಪ್ರತಿ ಸೋಮವಾರ ಹೋಗಿ ಕೇಳುತ್ತೇನೆ.

ಮೊನ್ನೆ ಹಿಂಬಾಗಿಲಿಗೆ ಹೋದಾಗ ಅಕ್ಕ ಹೊಸದಾಗಿ ಬಂದ ಹುಡುಗಿಯನ್ನು ಕಟ್ಟೆಯ ಪಕ್ಕ ನಿಲ್ಲಿಸಿ ತೋರಿಸಿದರು. ‘ನೋಡಿ ಮೇಡಂ, ಇವಳಿಗೆ ಕಟ್ಟೆ ಎತ್ತರ ಆಯ್ತು, ಮೊಣಕೈಯಿಂದ ನೀರು ಇಳಿದು ರವಿಕೆ ಎಲ್ಲ ಒದ್ದೆ.’ ಕಾಲಡಿಗೆ ನಾಲ್ಕು ಬೆರಳಿನ ಒಂದು ಕಲ್ಲು ಸಾಕಂತೆ. ಭಾನುವಾರ ಗಾರೆಯವರು ಬರ್ತಾರೆ.