ಬಟನ್ ಒತ್ತೋದಕ್ಕೆ ಎರಡು ವರ್ಷ ಯಾಕೆ?

‘ಎಕ್ಸ್‌ರೇ ಅಂದ್ರೆ ಬಟನ್ ಒತ್ತೋದು ತಾನೆ? ಅದಕ್ಕೆ ಪಿಯುಸಿ ಸೈನ್ಸ್ ಆದಮೇಲೆ ಎರಡು ವರ್ಷ ಡಿಪ್ಲೊಮಾ, ಆಸ್ಪತ್ರೆಯಲ್ಲೇ ಟ್ರೈನಿಂಗು, ಯಾಕೆ?’ ಹಾಸನದ ಬಸ್ ಸ್ಟ್ಯಾಂಡಿನಿಂದ ಹಿಡಿದು ಮದುವೆ ಊಟದ ಪಂಕ್ತಿಯವರೆಗೆ ಇದೇ ಪ್ರಶ್ನೆ. ಆ ‘ತಾನೆ’ ಇದೆಯಲ್ಲ, ಮೈ ಉರಿಯೋದು ಅದಕ್ಕೇ.

ಸರಿ, ಬಟನ್ನೇ ಮೊದಲು ಮುಗಿಸೋಣ. ಅದರಲ್ಲಿ ಎರಡು ಹಂತ. ಅರ್ಧ ಒತ್ತಿದರೆ ಎಕ್ಸ್‌ರೇ ಟ್ಯೂಬಿನೊಳಗೆ ಫಿಲಮೆಂಟ್ ತಂತಿ ಕಾಯುತ್ತೆ, ಎಕ್ಸ್‌ರೇ ಹುಟ್ಟೋ ಆನೋಡ್ ತಟ್ಟೆ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತೆ. ಪೂರ್ತಿ ಒತ್ತಿದಾಗಲೇ ಎಕ್ಸ್‌ರೇ. ಅರ್ಧದಲ್ಲೇ ಹಿಡಿದು ನಿಂತರೆ ಫಿಲಮೆಂಟ್ ಸವೆಯುತ್ತೆ. ಟ್ಯೂಬಿನ ಬೆಲೆ ಗೊತ್ತಿದ್ದವರು ನಿಲ್ಲಲ್ಲ. ಬಟನ್ ಪಾಠ ಹತ್ತು ನಿಮಿಷಕ್ಕೆ ಮುಗೀತು.

ಇನ್ನು ಬರೀ ಒಂದು ಎದೆಯ ಎಕ್ಸ್‌ರೇ ನೋಡಿ. ಕರಿಮಣಿ, ತಾಯತ, ರವಿಕೆಯ ಪಿನ್ನು ತೆಗೆಸಬೇಕು. ಜಡೆ ಎತ್ತಿ ಕಟ್ಟಿಸಬೇಕು, ಇಲ್ಲದಿದ್ದರೆ ಅದರ ನೆರಳು ಶ್ವಾಸಕೋಶದ ತುದಿಗೆ ಬಿದ್ದು ಟಿಬಿ ಕಲೆಯ ಹಾಗೆ ಕಾಣುತ್ತೆ. ಟ್ಯೂಬು 180 ಸೆಂಟಿಮೀಟರ್ ದೂರ, ಎದೆ ಚಿತ್ರ ಹಿಡಿಯೋ ಡಿಟೆಕ್ಟರಿಗೆ ಒತ್ತಿರಬೇಕು; ಬೆನ್ನು ಕೊಟ್ಟು ಹತ್ತಿರದಿಂದ ತೆಗೆದರೆ ಚಿತ್ರದಲ್ಲಿ ಹೃದಯ ಇರೋದಕ್ಕಿಂತ ದಪ್ಪ ಕಾಣುತ್ತೆ. ಭುಜ ಮುಂದಕ್ಕೆ ಹೊರಳಿಸದಿದ್ದರೆ ಹೆಗಲಮೂಳೆ ಶ್ವಾಸಕೋಶದ ಮೇಲೇ ಕೂರುತ್ತೆ. ‘ಉಸಿರು ಎಳ್ಕೊಂಡು ಹಿಡ್ಕೊಳ್ಳಿ’ ಅಂದರೆ ಎಷ್ಟೋ ಜನ ಕೆನ್ನೆ ಉಬ್ಬಿಸಿ ನಿಲ್ತಾರೆ! ಅದಕ್ಕೇ ಒಂದು ಸಲ ರಿಹರ್ಸಲ್ ಮಾಡಿಸೋದು. ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಮೇಲೆ ಹಿಂಬದಿಯ 9–10 ಪಕ್ಕೆಲುಬು ಎಣಿಸೋಕೆ ಸಿಗಬೇಕು. ಅರೆ ಉಸಿರಿನ ಫಿಲ್ಮಿನಲ್ಲಿ ಕೆಳಭಾಗ ಮಸುಕಾಗಿ, ನ್ಯುಮೋನಿಯಾ ಏನೋ ಅನ್ನೋ ಅನುಮಾನ ಶುರುವಾಗುತ್ತೆ.

‘ಈಗ ಎಲ್ಲಾ ಡಿಜಿಟಲ್ ಅಲ್ವಾ’ ಅಂತಾರೆ. ಡಿಜಿಟಲ್ಲಿನಲ್ಲೇ ಮೋಸ ಜಾಸ್ತಿ. ವಿಕಿರಣದ ಡೋಸು ಕಮ್ಮಿಯಾದರೆ ಚಿತ್ರ ರವೆ ಚೆಲ್ಲಿದ ಹಾಗೆ ಬಂದು ಸಿಕ್ಕಿಬೀಳುತ್ತೆ. ಜಾಸ್ತಿಯಾದರೆ? ಚಿತ್ರ ಚೆಂದವಾಗೇ ಬರುತ್ತೆ, ಯಾರೂ ಬೈಯಲ್ಲ, ರೋಗಿಗೆ ಮಾತ್ರ ಸುಮ್ಮನೆ ಹೆಚ್ಚು ವಿಕಿರಣ.

‘ಈ ಕೆಲಸ ಮಾಡಿದ್ರೆ ಮಕ್ಕಳಾಗಲ್ವಂತೆ?’ ಅನ್ನೋದು ಎರಡನೇ ಪ್ರಶ್ನೆ. ಗೋಡೆಯ ಹಿಂದೆ ನಿಲ್ತೀವಿ, ಎದೆಯ ಮೇಲೆ ವಿಕಿರಣ ಅಳೆಯೋ ಟಿಎಲ್‌ಡಿ ಬ್ಯಾಡ್ಜ್ ಇದೆ, ಮೂರು ತಿಂಗಳಿಗೊಮ್ಮೆ ಲೆಕ್ಕ ಬರುತ್ತೆ. ನಮ್ಮ ಸಂಸಾರದ ಚಿಂತೆ ನಿಮಗೆ ಬೇಡ.

ಒತ್ತೋದು ಹೇಗೆ ಅಂತ ಕೇಳ್ತಾರೆಯೇ ಹೊರತು, ಯಾವಾಗ ಒತ್ತಬಾರದು ಅಂತ ಒಬ್ಬರೂ ಕೇಳಲ್ಲ. ಹರೆಯದ ಹೆಂಗಸಿಗೆ ಹೊಟ್ಟೆ, ಸೊಂಟದ ಎಕ್ಸ್‌ರೇ ಬರೆದಿದ್ದರೆ ಕೊನೆಯ ಮುಟ್ಟು ಯಾವಾಗ ಅಂತ ಮೊದಲು ಕೇಳಬೇಕು, ಅದೂ ಅತ್ತೆಯನ್ನ ಹೊರಗೆ ಕೂರಿಸಿ. ಸಕಲೇಶಪುರದ ಕಡೆ ಮೆಣಸು ಕೊಯ್ಯುತ್ತಾ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದವರು ಬಂದರೆ, ಅವರನ್ನ ಹೊರಳಿಸದೆ, ಮಲಗಿದ ಹಾಗೇ ಪಕ್ಕದಿಂದ ಕಿರಣ ಹಾಯಿಸಿ ಮೊದಲು ಕತ್ತಿನ ಫಿಲ್ಮ್. ಕತ್ತಿನ ಏಳನೇ ಮೂಳೆ, ಅದರ ಕೆಳಗೆ ಬೆನ್ನುಹುರಿಯ ಸಾಲಿನಲ್ಲಿ ಎದೆಭಾಗದ ಮೊದಲ ಮೂಳೆಯ ಮೇಲಂಚು ಎರಡೂ ಕಾಣಬೇಕು. ಭುಜ ಅಡ್ಡ ಬಂದು ಕಾಣದಿದ್ದರೆ ಆ ಫಿಲ್ಮ್ ಸಾಲದು. ಡಾಕ್ಟರಿಗೆ ಹೇಳಿ ಒಂದು ಕೈ ಮೇಲೆತ್ತಿಸಿ ತೆಗೆಯೋ ಸ್ವಿಮ್ಮರ್ಸ್ ವ್ಯೂನೋ ಸಿಟಿ ಸ್ಕ್ಯಾನೋ ತೀರ್ಮಾನ ಆಗಬೇಕು. ಅಷ್ಟರಲ್ಲಿ ಜೊತೆಗೆ ಬಂದವರು ಕೇಳ್ತಾರೆ, ‘ಆ ಕತ್ತಿನ ಪಟ್ಟಿ ಬಿಚ್ಚಿಬಿಟ್ರೆ ಇನ್ನೂ ಕ್ಲಿಯರ್ ಬರುತ್ತಲ್ವಾ?’

ಬಿಚ್ಚಲ್ಲ.